ನಿಧಿ, ನಿಕ್ಷೇಪ, ಜಲ, ಪಾಷಾಣ

ಮನೆಯ ಕ್ರಯಪತ್ರವನ್ನು ಆದಿಯಿಂದ ಅಂತ್ಯದವರೆಗೆ ಓದಿದ ಗೃಹಸ್ಥರು ವಿರಳ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಪತ್ರದ ಬರಹಗಾರನು ಅದನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾನೆ, ಸಾಕ್ಷಿಗಳು ತಲೆದೂಗುತ್ತಾರೆ, ಕೊಂಡವನು ಚೆಕ್ಕುಬಂದಿಯ ನಾಲ್ಕು ಸಾಲುಗಳಲ್ಲಿ ಮಾತ್ರ ಮನಸ್ಸಿಟ್ಟು, ಪೂರ್ವಕ್ಕೆ ರಸ್ತೆಯುಂಟೆಂಬುದನ್ನು ಖಚಿತಪಡಿಸಿಕೊಂಡು, ಉಳಿದುದನ್ನು ವಕೀಲರ ಪಾಲಿಗೆ ಬಿಟ್ಟು ಸಹಿ ಹಾಕುತ್ತಾನೆ. ಆ ಉಳಿದುದರಲ್ಲಿ ಒಂದು ಬಹು ಹಳೆಯ ಮಾತಿದೆ. ಮಾರಿದ ಸ್ವತ್ತನ್ನು ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ’ ಕೊಟ್ಟಿರುವುದಾಗಿ ಕನ್ನಡದ ಕ್ರಯಪತ್ರಗಳು ಹೇಳುತ್ತ ಬಂದಿವೆ. ವಿಜಯನಗರದ ಅರಸರು ಅಗ್ರಹಾರಗಳನ್ನು ದಾನಮಾಡಿದಾಗ ಕಲ್ಲಿನ ಮೇಲೂ ತಾಮ್ರದ ಮೇಲೂ ಕೆತ್ತಿಸಿದ ಮಾತು ಅದು. ಅರಸರು ಹೋದರೂ ಛಾಪಾ ಕಾಗದದ ಮೇಲೆ ಬದುಕಿಕೊಂಡಿತು.

ಹೂತಿಟ್ಟ ಹೊನ್ನು ನಿಧಿ, ಯಾರೋ ಇರಿಸಿಹೋದ ವಸ್ತು ನಿಕ್ಷೇಪ, ಜಲವೆಂದರೆ ನೀರು, ಪಾಷಾಣವೆಂದರೆ ಕಲ್ಲು. ನೆಲವನ್ನು ಕೊಂಡವನಿಗೆ ನೆಲದ ಮೇಲಣದ್ದು ಮಾತ್ರವಲ್ಲ, ನೆಲದ ಅಡಿಯಲ್ಲಿರುವುದೂ ಸೇರತಕ್ಕದ್ದು ಎಂಬುದು ಇದರ ತಾತ್ಪರ್ಯ. ಈ ಪಟ್ಟಿಯನ್ನು ಮೊದಲು ರಚಿಸಿದ ಕರಣಿಕನು ನೆಲದೊಳಗೆ ಲಾಭವಲ್ಲದೆ ಬೇರೇನಾದರೂ ಇದ್ದೀತೆಂದು ಎಣಿಸಿದಂತೆ ಕಾಣುವುದಿಲ್ಲ. ಆದರೆ ಭಾಷೆ ಅವನಿಗಿಂತ ಜಾಣೆ. ಶಾಸನದಲ್ಲಿ ಕಲ್ಲಾಗಿರುವ ‘ಪಾಷಾಣ’ ಅಡುಗೆಮನೆಗೆ ಬರುವಷ್ಟರಲ್ಲಿ ಇಲಿಪಾಷಾಣವಾಗಿ, ವಿಷವೆಂಬ ಅರ್ಥವನ್ನು ತಳೆದುಬಿಟ್ಟಿದೆ.

ಈ ಎರಡನೆಯ ಅರ್ಥದ ಪಾಷಾಣವನ್ನೇ ನಿಕ್ಷೇಪವಾಗಿ ಪಡೆದ ನಿವೇಶನವೊಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿದೆ. ಅದರ ಕ್ರಯ ಒಂದು ಡಾಲರ್. ಅಚ್ಚರಿಯ ಸಂಗತಿಯೆಂದರೆ, ಅದರ ಕ್ರಯಪತ್ರ ಏನನ್ನೂ ಮುಚ್ಚಿಡಲಿಲ್ಲ. ನೆಲದೊಳಗೆ ಏನಿದೆಯೆಂಬುದನ್ನು ಅದು ಸ್ಪಷ್ಟವಾಗಿ ಹೇಳಿತ್ತು. ಹೇಳಿದ ಮಾತು ಮುಟ್ಟಬೇಕಾದವರಿಗೆ ಇಪ್ಪತ್ತೈದು ವರ್ಷಗಳವರೆಗೆ ಮುಟ್ಟಲಿಲ್ಲ, ಅಷ್ಟೆ.

ನಯಾಗರಾ ಜಲಪಾತದ ಹೆಸರನ್ನು ಕೇಳದವರಿಲ್ಲ. ಆ ಜಲಪಾತದ ಹೆಸರನ್ನೇ ಹೊತ್ತ ಪಟ್ಟಣವೊಂದು ಅದರ ಮಗ್ಗುಲಲ್ಲಿದೆ. ೧೮೯೦ರ ದಶಕದ ಆರಂಭದಲ್ಲಿ ವಿಲಿಯಂ ಲವ್ ಎಂಬ ಸಾಹಸಿಯು ಅಲ್ಲಿಗೆ ಬಂದು, ನದಿಯ ಮೇಲ್ದಂಡೆಯಿಂದ ಕೆಳದಂಡೆಗೆ ಕಾಲುವೆಯೊಂದನ್ನು ತೋಡಿ, ಧುಮುಕುವ ನೀರಿನಿಂದ ವಿದ್ಯುತ್ತನ್ನು ಪಡೆದು, ಅದರ ಬಲದಿಂದ ಒಂದು ಆದರ್ಶ ನಗರವನ್ನೇ ಕಟ್ಟುವುದಾಗಿ ಸಾರಿದನು. ಆ ಕಾಲದ ವಿದ್ಯುತ್ತು ದೂರಕ್ಕೆ ಹರಿಯಲಾರದು. ಆದುದರಿಂದ ಕಾರ್ಖಾನೆಗಳೆಲ್ಲ ಕಾಲುವೆಯ ಮಡಿಲಿಗೇ ಬಂದು ಕೂರಬೇಕಾದೀತು ಎಂಬುದು ಅವನ ಲೆಕ್ಕಾಚಾರ. ೧೮೯೩ರ ಆರ್ಥಿಕ ಕುಸಿತ ಅವನ ಹಣವನ್ನು ನುಂಗಿತು. ಬಹುದೂರ ಹರಿಯಬಲ್ಲ ಬೇರೊಂದು ಬಗೆಯ ವಿದ್ಯುತ್ತು ೧೮೯೬ರಲ್ಲಿ ಅದೇ ನಯಾಗರಾದಿಂದ ಬಫಲೋ ನಗರವನ್ನು ಮುಟ್ಟಿ ಅವನ ಲೆಕ್ಕಾಚಾರವನ್ನೂ ನುಂಗಿತು. ಮೈಲಿಯೊಂದನ್ನೂ ಮುಟ್ಟದೆ ಕಾಲುವೆ ಅರ್ಧಕ್ಕೆ ನಿಂತಿತು. ಮಳೆನೀರು ತುಂಬಿ ಬೇಸಗೆಯಲ್ಲಿ ಹುಡುಗರಿಗೆ ಈಜುಕೊಳವಾಯಿತು, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಅಂಗಳವಾಯಿತು. ಲವ್ ಎಂಬುದು ಇಲ್ಲಿ ಮನೆತನದ ಹೆಸರು. ಪ್ರೇಮಕ್ಕೂ ಈ ಕಾಲುವೆಗೂ ಯಾವ ಸಂಬಂಧವೂ ಇಲ್ಲ.

೧೯೪೨ರಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪೆನಿಯು ಈ ಹಳ್ಳದಲ್ಲಿ ತನ್ನ ಕಾರ್ಖಾನೆಯ ಕಸವನ್ನು ಸುರಿಯತೊಡಗಿತು. ಹಳ್ಳದ ಸುತ್ತಲಿನ ನೆಲ ಜೇಡಿಮಣ್ಣು. ಜೇಡಿಮಣ್ಣು ನೀರನ್ನು ಸುಲಭವಾಗಿ ಬಿಡದು. ಅಂದಿನ ತಿಳಿವಳಿಕೆಗೆ ಅದು ಕಸ ಹೂಳಲು ತಕ್ಕ ಸ್ಥಳವೇ ಆಗಿತ್ತು. ಹನ್ನೊಂದು ವರ್ಷಗಳಲ್ಲಿ ಸುಮಾರು ೨೧,೦೦೦ ಟನ್ ತ್ಯಾಜ್ಯ ಅಲ್ಲಿ ಸೇರಿತು. ಬಣ್ಣ, ಸುಗಂಧ, ದ್ರಾವಕ, ಕೀಟನಾಶಕಗಳನ್ನು ತಯಾರಿಸಿದ ಮೇಲೆ ಉಳಿದ ಗಸಿಯದು. ಕನ್ನಡ ನಾಡಿನ ರೈತನು ಗಮಾಕ್ಸಿನ್ ಎಂದು ಕರೆದು ಹೊಲಕ್ಕೆ ಎರಚುತ್ತಿದ್ದ ಪುಡಿಯ ಜಾತಿಯ ವಸ್ತುವಿನ ಶೇಷವೇ ಅದರಲ್ಲಿ ಸಾವಿರಾರು ಟನ್ ಇದ್ದಿತು. ರಕ್ತದ ಕ್ಯಾನ್ಸರಿಗೆ ಕಾರಣವೆಂದು ತಿಳಿದುಬಂದಿರುವ ಬೆಂಜೀನ್ ಇದ್ದಿತು. ಮನುಷ್ಯನು ಅರಿತ ಅತಿ ಘೋರ ವಿಷಗಳ ಸಾಲಿಗೆ ಸೇರಿದ ಡಯಾಕ್ಸಿನ್ ಕೂಡ ಬೇರೊಂದು ಗಸಿಯೊಳಗೆ ಅಡಗಿದ್ದಿತು. ಬಹುಪಾಲು ಉಕ್ಕಿನ ಪೀಪಾಯಿಗಳಲ್ಲಿ ತುಂಬಿದ್ದ ಈ ಸರಕಿನ ಮೇಲೆ ಮಣ್ಣು ಮುಚ್ಚಿದರು, ಮಣ್ಣಿನ ಮೇಲೆ ಹುಲ್ಲು ಬೆಳೆಯಿತು. ಹದಿನಾರು ಎಕರೆಯ ಚೊಕ್ಕಟವಾದ ಬಯಲು!

ಯುದ್ಧ ಮುಗಿದು ಊರು ಬೆಳೆಯುತ್ತಿದ್ದ ದಿನಗಳು. ಮಕ್ಕಳು ಹೆಚ್ಚಿದರು, ಶಾಲೆಗಳು ಸಾಲದಾದವು. ಊರಿನ ವಿದ್ಯಾಮಂಡಲಿಯ ದೃಷ್ಟಿ ಈ ಬಯಲಿನ ಮೇಲೆ ಬಿದ್ದಿತು. ೧೯೫೩ರ ಏಪ್ರಿಲ್ ೨೮ರಂದು ಕಂಪೆನಿಯು ಅದನ್ನು ಒಂದು ಡಾಲರಿಗೆ ಮಂಡಲಿಗೆ ಬರೆದುಕೊಟ್ಟಿತು. ಪತ್ರದ ಕೊನೆಯ ಭಾಗದಲ್ಲಿ ಒಂದು ಷರತ್ತು ಇತ್ತು. ಈ ಜಾಗವನ್ನು ರಾಸಾಯನಿಕ ತಯಾರಿಕೆಯ ತ್ಯಾಜ್ಯದಿಂದ ತುಂಬಲಾಗಿದೆಯೆಂದು ಕೊಳ್ಳುವವರಿಗೆ ತಿಳಿಸಲಾಗಿದೆ. ಅದರಿಂದ ಬರಬಹುದಾದ ಅಪಾಯವೆಲ್ಲ ಕೊಂಡವರದು. ಯಾರಿಗಾದರೂ ಗಾಯವಾದರೆ, ಸಾವು ಸಂಭವಿಸಿದರೆ, ಸ್ವತ್ತು ಹಾಳಾದರೆ ಕಂಪೆನಿಯ ಮೇಲೆ ವ್ಯಾಜ್ಯ ಹೂಡತಕ್ಕದ್ದಲ್ಲ. ಈ ನೆಲವನ್ನು ಮುಂದೆ ಯಾರಿಗೆ ಮಾರಿದರೂ ಇದೇ ಷರತ್ತಿಗೆ ಒಳಪಟ್ಟೇ ಮಾರತಕ್ಕದ್ದು. ಅದರ ಸಾರಾಂಶ ಇಷ್ಟು. ದಾನವೆಂದು ಕಂಡುದರ ಒಳಗೆ ಋಣಮುಕ್ತಿಯ ಪತ್ರವೂ ಅಡಗಿತ್ತೆನ್ನಬೇಕು. ಕಂಪೆನಿಯ ಪರವಾಗಿಯೂ ಒಂದು ಮಾತು ಸಲ್ಲುತ್ತದೆ: ೧೯೫೭ರಲ್ಲಿ ಮಂಡಲಿಯು ಆ ನೆಲದ ಒಂದು ಭಾಗವನ್ನು ಮನೆಗಳಿಗಾಗಿ ಮಾರಲು ಹೊರಟಾಗ ಕಂಪೆನಿಯ ವಕೀಲನು ಸಭೆಗೆ ಬಂದು, ಅಲ್ಲಿ ಅಗೆಯಬಾರದೆಂದು ಎಚ್ಚರಿಸಿದನು. ಎಚ್ಚರಿಕೆ ಸಭೆಯ ನಡವಳಿಯಲ್ಲಿ ದಾಖಲಾಯಿತು. ಕಡತವೊಂದು ದಪ್ಪನಾಯಿತು.

ಶಾಲೆಯನ್ನಂತೂ ಅದಾಗಲೇ ಕಟ್ಟಿಯಾಗಿತ್ತು. ಅಡಿಪಾಯ ತೋಡುವಾಗಲೇ ರಾಸಾಯನಿಕದ ಗುಂಡಿ ಎದುರಾಗಲು, ಕಟ್ಟಡವನ್ನು ಕೊಂಚ ಅತ್ತ ಸರಿಸಿ ಕೆಲಸ ಮುಂದುವರಿಸಿದ್ದರು. ೧೯೫೫ರಲ್ಲಿ ತೊಂಬತ್ತೊಂಬತ್ತನೆಯ ಬೀದಿಯ ಪ್ರಾಥಮಿಕ ಶಾಲೆಗೆ ಸುಮಾರು ನಾನೂರು ಮಕ್ಕಳು ಪುಸ್ತಕದ ಚೀಲ ಹೊತ್ತು ಬಂದರು. ಶಾಲೆಯಿದ್ದೆಡೆ ಮನೆಗಳು ಏಳುವುದು ಸಹಜವಷ್ಟೆ. ಹಳ್ಳದ ಎರಡು ದಡಗಳ ಉದ್ದಕ್ಕೂ, ತೊಂಬತ್ತೇಳನೆಯ ಮತ್ತು ತೊಂಬತ್ತೊಂಬತ್ತನೆಯ ಬೀದಿಗಳಲ್ಲಿ, ಪುಟ್ಟಪುಟ್ಟ ಮನೆಗಳು ಸಾಲಾಗಿ ಎದ್ದವು. ಕಾರ್ಖಾನೆಯ ದುಡಿಮೆಗಾರರು, ಗುಮಾಸ್ತರು, ಹೊಸದಾಗಿ ಸಂಸಾರ ಹೂಡಿದವರು ಬ್ಯಾಂಕಿನ ಸಾಲಕ್ಕೆ ತಲೆಯೊಡ್ಡಿ ಅವನ್ನು ಕೊಂಡರು. ಶಾಲೆ ಹತ್ತಿರ, ಆಟದ ಬಯಲು ಹತ್ತಿರ, ನೆರೆಹೊರೆ ಸಭ್ಯ: ಮಧ್ಯಮ ವರ್ಗದ ಗೃಹಿಣಿಗೆ ಇನ್ನೇನು ಬೇಕು?

ಈ ಮನೆಗಳ ಕ್ರಯಪತ್ರಗಳಲ್ಲಿ ಆ ಷರತ್ತು ಇರಲಿಲ್ಲ. ಇರಬೇಕಾದ ಅಗತ್ಯವೂ ಕಾನೂನಿನ ಕಣ್ಣಿಗೆ ಕಾಣಲಿಲ್ಲ. ಷರತ್ತು ಅಂಟಿಕೊಂಡಿದ್ದುದು ಹದಿನಾರು ಎಕರೆಯ ಆ ತುಂಡಿಗೆ ಮಾತ್ರ. ಮನೆಗಳು ಎದ್ದುದು ಅದರ ಬೇಲಿಯಾಚೆಯ ನೆಲದಲ್ಲಿ. ಕಾಗದದ ಚೆಕ್ಕುಬಂದಿ ಅಲ್ಲಿಗೆ ಮುಗಿಯಿತು. ನೀರಿಗೆ ಮಾತ್ರ ಚೆಕ್ಕುಬಂದಿಯ ಪರಿಜ್ಞಾನವಿಲ್ಲ.

ಜೇಡಿಮಣ್ಣಿನ ಹಳ್ಳವನ್ನು ಒಂದು ದೊಡ್ಡ ಬಾನಿಯೆಂದು ಭಾವಿಸಬಹುದು. ಮೇಲಿನ ಮುಚ್ಚಳ ಭದ್ರವಾಗಿರುವವರೆಗೆ ಒಳಗಿನದು ಒಳಗೇ ಇದ್ದೀತು. ಆದರೆ ಶಾಲೆ ಕಟ್ಟುವಾಗ ಮುಚ್ಚಳದ ಮಣ್ಣನ್ನು ಕೆದಕಿದರು. ನಗರಸಭೆಯು ರಸ್ತೆಗಳನ್ನೂ ಒಳಚರಂಡಿಗಳನ್ನೂ ಹಾಯಿಸುವಾಗ ಬಾನಿಯ ಗೋಡೆಯನ್ನೇ ಸೀಳಿತು. ಮಳೆ ಮತ್ತು ಕರಗಿದ ಹಿಮ ಮೇಲಿನಿಂದ ಇಳಿದವು. ಪೀಪಾಯಿಗಳು ತುಕ್ಕು ಹಿಡಿದು ಕುಸಿದವು. ಅನಂತರ ನದಿಯ ಕಡೆಗೆ ಹೆದ್ದಾರಿಯೊಂದನ್ನು ಹಾಕಿದುದರಿಂದ ನೆಲದೊಳಗಿನ ನೀರು ನದಿಗೆ ಹರಿದುಹೋಗುವ ದಾರಿಯೂ ಕಟ್ಟಿಹೋಯಿತು. ತುಂಬಿದ ಬಾನಿ ಅಂಚಿನಿಂದ ಉಕ್ಕಲೇಬೇಕಲ್ಲವೆ? ೧೯೭೦ರ ದಶಕದ ನಡುವೆ ಮಳೆಹಿಮಗಳು ವಿಪರೀತವಾದವು. ೧೯೭೭ರ ಜನವರಿಯಲ್ಲಿ ಬಫಲೋ ಪ್ರಾಂತ್ಯವನ್ನು ಮುಚ್ಚಿದ ಹಿಮಬಿರುಗಾಳಿಯನ್ನು ಅಲ್ಲಿಯವರು ಇಂದಿಗೂ ಕಥೆಯಾಗಿ ಹೇಳುತ್ತಾರೆ.

ಇಲ್ಲಿ ಶೀತದೇಶದ ಮನೆಗಳ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಚಳಿಗಾಲದಲ್ಲಿ ನೆಲ ಹಲವು ಅಡಿಗಳ ಆಳದವರೆಗೆ ಹೆಪ್ಪುಗಟ್ಟುವುದರಿಂದ ಮನೆಯ ತಳಪಾಯವನ್ನು ಅದಕ್ಕಿಂತ ಕೆಳಗೆ ಇಳಿಸಬೇಕಾಗುತ್ತದೆ. ಹೇಗೂ ಅಗೆದ ಹಳ್ಳವನ್ನು ವ್ಯರ್ಥಮಾಡುವುದೇಕೆಂದು ಅದನ್ನೇ ನೆಲಮಾಳಿಗೆಯಾಗಿ ಮಾಡಿಕೊಳ್ಳುತ್ತಾರೆ. ಮನೆಯನ್ನು ಬೆಚ್ಚಗಿಡುವ ಕುಲುಮೆ, ಬಟ್ಟೆ ಒಗೆಯುವ ಯಂತ್ರ, ಬೇಡವಾದ ಪೀಠೋಪಕರಣ, ಹೊರಗೆ ಹಿಮ ಬೀಳುವಾಗ ಮಕ್ಕಳ ಆಟ, ಎಲ್ಲವೂ ಅಲ್ಲೇ. ನೆಲಮಾಳಿಗೆಯ ಒಂದು ಮೂಲೆಯಲ್ಲಿ ಸಣ್ಣ ಗುಂಡಿ. ಗೋಡೆಯಿಂದ ಒಸರಿದ ನೀರು ಅದಕ್ಕೆ ಇಳಿದರೆ ಪಂಪು ಹೊರಗೆ ಹಾಕುತ್ತದೆ. ಈ ಗುಂಡಿಗಳಿಗೆ ಈಗ ಬಂದುದು ಬರಿಯ ನೀರಲ್ಲ. ಕಪ್ಪನೆಯ, ಜಿಡ್ಡಾದ, ಮೂಗಿಗೆ ಇರಿಯುವ ದ್ರವ. ಗೋಡೆಗೆ ಬಣ್ಣ ಬಳಿದರೆ ನಿಲ್ಲದು. ಹಿತ್ತಲಿನ ಗಿಡಗಳು ಕರಕಲಾದವು. ನೆಲದಿಂದ ಆವಿಯಾಗಿ ಏರಿದುದು ಮನೆಯ ಗಾಳಿಯಲ್ಲಿ ಬೆರೆಯಿತು. ಚಳಿಗೆ ಕಿಟಕಿಗಳನ್ನು ಭದ್ರಪಡಿಸಿದ ಮನೆಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಶಾಲೆಯ ಬಯಲಿನಲ್ಲಿ ಆಡಿ ಬಂದ ಮಕ್ಕಳ ಕೈಕಾಲುಗಳು ಉರಿಯುತ್ತಿದ್ದುದು ಹೊಸತಲ್ಲ; ೧೯೫೮ರಷ್ಟು ಹಿಂದೆಯೇ ಅಂಥ ದೂರುಗಳಿದ್ದವು. ಹುಡುಗರು ಅಲ್ಲಿ ಸಿಗುತ್ತಿದ್ದ ಒಂದು ಬಗೆಯ ಕಲ್ಲುಗಳನ್ನು ಜೇಬಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ನೆಲಕ್ಕೆ ಬೀಸಿ ಒಗೆದರೆ ಅವು ಪಟಾಕಿಯಂತೆ ಸಿಡಿದು ಕಿಡಿ ಹಾರಿಸುತ್ತಿದ್ದವು. ಅದು ರಂಜಕ. ಪಾಷಾಣದ ಎರಡು ಅರ್ಥಗಳೂ ಆ ಹುಡುಗರ ಜೇಬಿನಲ್ಲಿ ಒಂದಾಗಿದ್ದವು.

ಸ್ಥಳೀಯ ಪತ್ರಿಕೆಯಾದ ‘ನಯಾಗರಾ ಗೆಜೆಟ್’ನ ವರದಿಗಾರರು ೧೯೭೬ರಲ್ಲಿ ನೆಲಮಾಳಿಗೆಗಳ ದ್ರವವನ್ನು ಪರೀಕ್ಷೆ ಮಾಡಿಸಿದರು. ೧೯೭೮ರಲ್ಲಿ ಅದೇ ಪತ್ರಿಕೆಯ ಮೈಕಲ್ ಬ್ರೌನ್ ಮನೆಮನೆಗೆ ಹೋಗಿ ವಿಚಾರಿಸಿ ಲೇಖನಗಳ ಮೇಲೆ ಲೇಖನ ಬರೆದನು. ಅವನ್ನು ಓದಿದವರಲ್ಲಿ ಲೋಯಿಸ್ ಗಿಬ್ಸ್ ಎಂಬ ಗೃಹಿಣಿಯೂ ಒಬ್ಬಳು. ವಯಸ್ಸು ಇಪ್ಪತ್ತೇಳು, ಓದು ಪ್ರೌಢಶಾಲೆಯವರೆಗೆ, ಗಂಡ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಹಿಂದಿನ ವರ್ಷವಷ್ಟೆ ಅವಳ ಮಗ ತೊಂಬತ್ತೊಂಬತ್ತನೆಯ ಬೀದಿಯ ಶಾಲೆಗೆ ಸೇರಿದ್ದನು. ಸೇರಿದ ಕೆಲವೇ ತಿಂಗಳಲ್ಲಿ ಅವನಿಗೆ ಅಪಸ್ಮಾರ ಕಾಣಿಸಿಕೊಂಡಿತ್ತು. ಶಾಲೆಯ ಕೆಳಗೆ ಏನಿದೆಯೆಂಬುದು ಅವಳಿಗೆ ತಿಳಿದುದು ಪತ್ರಿಕೆಯಿಂದ. ಮಗನನ್ನು ಬೇರೆ ಶಾಲೆಗೆ ವರ್ಗಾಯಿಸಿರೆಂದು ಅವಳು ವೈದ್ಯರ ಪತ್ರಗಳೊಡನೆ ಅಧಿಕಾರಿಯನ್ನು ಕೇಳಿಕೊಂಡಳು. ಆತನು ಒಪ್ಪಲಿಲ್ಲ. ಒಂದು ಮಗುವಿಗೆ ಅಪಾಯವೆಂದು ಒಪ್ಪಿದರೆ ನಾನೂರು ಮಕ್ಕಳಿಗೂ ಅಪಾಯವೆಂದು ಒಪ್ಪಿದಂತಾಗುವುದಷ್ಟೆ. ಕಚೇರಿಯ ತರ್ಕ ಎಂದೂ ತಪ್ಪುವುದಿಲ್ಲ!

ಸ್ವಭಾವತಃ ಸಂಕೋಚದ ಹೆಣ್ಣುಮಗಳು ಒಂದು ಮನವಿಪತ್ರವನ್ನು ಹಿಡಿದು ಬೀದಿಗಿಳಿದಳು. ಮೊದಲನೆಯ ಮನೆಯ ಬಾಗಿಲನ್ನು ತಟ್ಟಿ, ಯಾರೂ ತೆರೆಯದಿರಲು ಬದುಕಿದೆನೆಂದು ಹಿಂದಿರುಗಿದಳಂತೆ. ಮರುದಿನ ಮತ್ತೆ ಹೋದಳು. ತೆರೆದ ಬಾಗಿಲುಗಳ ಹಿಂದೆ ಅವಳಿಗೆ ಕೇಳಿಬಂದುದು ಮನವಿಗಿಂತ ದೊಡ್ಡ ಕಥೆ: ಈ ಮನೆಯಲ್ಲಿ ಗರ್ಭಪಾತ, ಆ ಮನೆಯಲ್ಲಿ ಅಂಗವಿಕಲ ಶಿಶು, ಮತ್ತೊಂದರಲ್ಲಿ ಉಬ್ಬಸ. ಒಂದೊಂದು ಮನೆಯೂ ಅದನ್ನು ತನ್ನ ಪ್ರಾರಬ್ಧವೆಂದೇ ತಿಳಿದು ಮೌನವಾಗಿತ್ತು; ಪಕ್ಕದ ಮನೆಗೂ ಅದೇ ಪ್ರಾರಬ್ಧ ಬಂದಿದೆಯೆಂಬುದು ಯಾರಿಗೂ ತಿಳಿದಿರಲಿಲ್ಲ.

೧೯೭೮ರ ಆಗಸ್ಟ್ ೨ರಂದು ಸಂಸ್ಥಾನದ ಆರೋಗ್ಯಾಧಿಕಾರಿ ರಾಬರ್ಟ್ ವೇಲನ್ ತುರ್ತು ಪರಿಸ್ಥಿತಿಯನ್ನು ಸಾರಿದನು. ಶಾಲೆಯನ್ನು ಮುಚ್ಚತಕ್ಕದ್ದು, ಹಳ್ಳಕ್ಕೆ ಅತಿ ಸಮೀಪದ ಮನೆಗಳಲ್ಲಿರುವ ಗರ್ಭಿಣಿಯರೂ ಎರಡು ವರ್ಷಕ್ಕಿಂತ ಕಿರಿಯ ಮಕ್ಕಳೂ ಹೊರಡುವುದು ಒಳಿತು, ನೆಲಮಾಳಿಗೆಗೆ ಇಳಿಯಬೇಡಿ, ಹಿತ್ತಲಿನ ತರಕಾರಿ ತಿನ್ನಬೇಡಿ. ಎರಡು ವರ್ಷದ ಮಗುವಿಗೆ ವಿಷವಾದುದು ಮೂರು ವರ್ಷದ ಮಗುವಿಗೆ ಅಮೃತವೆ ಎಂದು ತಾಯಂದಿರು ಕೇಳಿದರು. ಕೂಸನ್ನು ಎತ್ತಿಕೊಂಡು ತಾಯಿ ಹೋಗಬೇಕು. ಅದರ ಅಣ್ಣನೂ ತಂದೆಯೂ ಅಲ್ಲಿಯೇ ಇರಬೇಕೆ? ಐದು ದಿನಗಳ ಮೇಲೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ರಾಷ್ಟ್ರಮಟ್ಟದ ತುರ್ತು ಪರಿಸ್ಥಿತಿಯನ್ನು ಘೋಷಿಸಿದನು. ಹಳ್ಳಕ್ಕೆ ಹತ್ತಿರದ ೨೩೯ ಸಂಸಾರಗಳ ಮನೆಗಳನ್ನು ಸರ್ಕಾರವೇ ಕೊಂಡು ಅವರನ್ನು ಬಿಡಿಸಿತು. ಅವರ ಹಿಂದೆಯೇ ಎತ್ತರವಾದ ತಂತಿಬೇಲಿ ಎದ್ದಿತು.

ಬೇಲಿಯೊಳಗಿನವರ ಕಷ್ಟ ಹಾಗೆ ಮುಗಿಯಿತು. ನಿಜವಾದ ಸಂಕಟ ಬೇಲಿಯ ಹೊರಗಿನ ಸುಮಾರು ಏಳುನೂರು ಸಂಸಾರಗಳದು. ಗಿಬ್ಸಳ ಮನೆಯೂ ಅವುಗಳಲ್ಲಿ ಒಂದು. ನಿಮಗೆ ಅಪಾಯವಿಲ್ಲವೆಂದು ಸರ್ಕಾರ ಹೇಳಿತು. ಬೀದಿಯ ಆಚೆ ಬದಿಯಲ್ಲಿ ಹಲಗೆ ಬಡಿದ ಕಿಟಕಿಗಳು, ಈಚೆ ಬದಿಯಲ್ಲಿ ಸಂಜೆಯ ದೀಪ. ಮನೆಯನ್ನು ಮಾರೋಣವೆಂದರೆ ಕೊಳ್ಳುವವರಿಲ್ಲ. ಬಿಟ್ಟುಹೋಗೋಣವೆಂದರೆ ಬ್ಯಾಂಕಿನ ಕಂತು ಬಿಡದು. ಇರೋಣವೆಂದರೆ ಮಗು ಕೆಮ್ಮಿದಾಗಲೆಲ್ಲ ತಾಯಿಯ ಎದೆ ಧಸಕ್ಕೆನ್ನುತ್ತದೆ. ಜೀವಮಾನದ ಉಳಿತಾಯವೆಲ್ಲ ಆ ನಾಲ್ಕು ಗೋಡೆಗಳಲ್ಲಿತ್ತು. ಆ ನಾಲ್ಕು ಗೋಡೆಗಳಿಗೆ ಈಗ ಒಂದು ಡಾಲರಿನ ಬೆಲೆಯೂ ಉಳಿದಿರಲಿಲ್ಲ.

ಆಗ ಗಿಬ್ಸಳೂ ನೆರೆಯ ಹೆಂಗಸರೂ ಮಾಡಿದ ಕೆಲಸ ಈ ಇಡೀ ಕಥೆಯಲ್ಲಿ ಅತ್ಯಂತ ಗಮನಾರ್ಹವಾದುದು. ದೂರವಾಣಿಯ ಮೂಲಕ, ಮನೆಮನೆ ತಿರುಗಿ, ಯಾವ ಮನೆಯಲ್ಲಿ ಯಾವ ರೋಗವೆಂದು ಬರೆದುಕೊಂಡು, ಬೀದಿಯ ನಕ್ಷೆಯ ಮೇಲೆ ಗುರುತು ಹಾಕಿದರು. ಗುರುತುಗಳು ಹಳ್ಳದ ಸುತ್ತ ಉಂಗುರದಂತೆ ಬೀಳಲಿಲ್ಲ; ಅಲ್ಲೊಂದು ಇಲ್ಲೊಂದು ಎಳೆಯಾಗಿ ಬಹುದೂರ ಚಾಚಿಕೊಂಡವು. ಈ ಎಳೆಗಳ ಗುಟ್ಟು ಹಳಬರಿಂದ ತಿಳಿಯಿತು. ಮನೆಗಳು ಏಳುವ ಮೊದಲು ಅಲ್ಲಿ ಮಳೆನೀರು ಹರಿಯುವ ತೋಡುಗಳಿದ್ದವು. ನಿವೇಶನ ಮಾಡುವಾಗ ಅವನ್ನು ಸಿಕ್ಕಿದ ಮಣ್ಣಿನಿಂದ ಮುಚ್ಚಿದ್ದರು. ಮೇಲೆ ಹುಲ್ಲುಹಾಸು ಬಂದರೂ ಒಳಗಿನ ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ. ಹಳೆಯ ಚಿತ್ರಗಳನ್ನೂ ಮುದುಕರ ನೆನಪುಗಳನ್ನೂ ಕೂಡಿಸಿ ತೋಡುಗಳನ್ನು ನಕ್ಷೆಯಲ್ಲಿ ಬರೆದಾಗ ರೋಗದ ಗುರುತುಗಳು ಅವುಗಳ ಗುಂಟ ಕೂತಿದ್ದವು. ಬೆವರ್ಲಿ ಪೈಗನ್ ಎಂಬ ಕ್ಯಾನ್ಸರ್ ಸಂಶೋಧಕಿ ಇದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿ, ತೋಡುಗಳ ಮೇಲಿನ ಮನೆಗಳಲ್ಲಿ ತೊಂದರೆ ಹೆಚ್ಚೆಂದು ಹೇಳಿದಳು. ಸಂಸ್ಥಾನದ ಅಧಿಕಾರಿಗಳು ಇದನ್ನು ಗೃಹಿಣಿಯರ ಅಂಕಿಸಂಖ್ಯೆಯೆಂದು ತಳ್ಳಿಹಾಕಿದರು. ತಳ್ಳಿಹಾಕಿದವರೇ ೧೯೭೯ರ ಫೆಬ್ರವರಿಯಲ್ಲಿ ಬೇಲಿಯ ಹೊರಗಿನ ಗರ್ಭಿಣಿಯರಿಗೂ ಕೂಸುಗಳಿಗೂ ಹೊರಡಲು ಸಲಹೆ ಕೊಟ್ಟರು.

ಉಳಿದುದು ವೇಗವಾಗಿ ನಡೆಯಿತು. ೧೯೮೦ರ ಮೇ ತಿಂಗಳಲ್ಲಿ ನಿವಾಸಿಗಳ ವರ್ಣತಂತುಗಳಲ್ಲಿ ದೋಷವಿದೆಯೆಂಬ ಪರೀಕ್ಷೆಯ ವರದಿ ಹೊರಬಿದ್ದಿತು. ಹೋಲಿಸಲು ಬೇರೆ ಊರಿನವರನ್ನು ಸರಿಯಾಗಿ ಪರೀಕ್ಷಿಸದೆ ಮಾಡಿದ ಆ ಪರೀಕ್ಷೆಯನ್ನು ವಿಜ್ಞಾನಿಗಳು ಅನಂತರ ತೀಕ್ಷ್ಣವಾಗಿ ಟೀಕಿಸಿದರು. ಆದರೆ ವರದಿಯನ್ನು ಕೇಳಿದ ತಾಯಂದಿರಿಗೆ ಟೀಕೆಗೆ ಕಾಯುವ ತಾಳ್ಮೆ ಎಲ್ಲಿಯದು? ಮೇ ೧೯ರಂದು ಕೇಂದ್ರ ಪರಿಸರ ಇಲಾಖೆಯ ಇಬ್ಬರು ಅಧಿಕಾರಿಗಳನ್ನು ತಮ್ಮ ಸಂಘದ ಮನೆಯಲ್ಲಿ ಕೆಲವು ಗಂಟೆಗಳ ಕಾಲ ತಡೆದು ಕೂರಿಸಿಕೊಂಡರು. ಮೇ ೨೧ರಂದು ಕಾರ್ಟರ್ ಎರಡನೆಯ ಸಲ ತುರ್ತು ಪರಿಸ್ಥಿತಿಯನ್ನು ಸಾರಿದನು. ಬೇಲಿಯ ಹೊರಗಿನವರ ಮನೆಗಳನ್ನೂ ಸರ್ಕಾರ ಕೊಂಡಿತು. ಒಟ್ಟು ಸುಮಾರು ೯೫೦ ಸಂಸಾರಗಳು ಚದರಿಹೋದವು.

ವಿಷದಿಂದ ಎಷ್ಟು ಜನಕ್ಕೆ ಎಷ್ಟು ಕೇಡಾಯಿತೆಂಬುದನ್ನು ತೂಕಮಾಡಿ ಹೇಳುವುದು ಸುಲಭವಾಗಲಿಲ್ಲ. ಸಂಸ್ಥಾನದ ಆರೋಗ್ಯ ಇಲಾಖೆಯು ಹಳೆಯ ನಿವಾಸಿಗಳನ್ನು ಬಹುಕಾಲ ಅನುಸರಿಸಿ ನಡೆಸಿದ ಅಧ್ಯಯನದಲ್ಲಿ, ಒಟ್ಟಾರೆ ಕ್ಯಾನ್ಸರು ನಿರೀಕ್ಷೆಗಿಂತ ಸ್ಪಷ್ಟವಾಗಿ ಹೆಚ್ಚಿದುದು ಕಾಣಲಿಲ್ಲ. ಅಲ್ಲಿ ಗರ್ಭ ಧರಿಸಿದ ತಾಯಂದಿರ ಮಕ್ಕಳಲ್ಲಿ ಹುಟ್ಟು ವೈಕಲ್ಯ ಮಾತ್ರ ಹೆಚ್ಚಾಗಿ ಕಂಡಿತು. ಜನ ಕಡಮೆ, ರೋಗಗಳು ಹಲವು, ವಿಷಗಳು ಇನ್ನೂ ಹಲವು. ಇಂಥಲ್ಲಿ ಗಣಿತ ಬೇಗ ಬಾಯಿ ಬಿಡುವುದಿಲ್ಲ. ನ್ಯಾಯಾಲಯದ ಗಣಿತ ಬೇರೆ. ಹೂಕರನ್ನು ೧೯೬೮ರಲ್ಲಿ ಕೊಂಡಿದ್ದ ಆಕ್ಸಿಡೆಂಟಲ್ ಕಂಪೆನಿಯು ೧೯೯೫ರಲ್ಲಿ ಕೇಂದ್ರ ಸರ್ಕಾರಕ್ಕೆ ೧೨೯ ಮಿಲಿಯ ಡಾಲರ್ ಕೊಡಲು ಒಪ್ಪಿತು. ಒಂದು ಡಾಲರಿನ ಪತ್ರದಲ್ಲಿ ಬರೆಸಿಕೊಂಡ ಋಣಮುಕ್ತಿ ಅದನ್ನು ಕಾಯಲಿಲ್ಲ.

ಕಾಯದಂತೆ ಮಾಡಿದುದು ೧೯೮೦ರ ಡಿಸೆಂಬರಿನಲ್ಲಿ ಜಾರಿಗೆ ಬಂದ ‘ಸೂಪರ್‌ಫಂಡ್’ ಎಂಬ ಶಾಸನ. ವಿಷವನ್ನು ಹುಟ್ಟಿಸಿದವನು, ಸಾಗಿಸಿದವನು, ಹೂಳುವಾಗ ನೆಲದ ಒಡೆಯನಾಗಿದ್ದವನು, ಈಗಿನ ಒಡೆಯ, ಇವರೆಲ್ಲರೂ ಅದನ್ನು ತೆಗೆಯುವ ಖರ್ಚಿಗೆ ಬಾಧ್ಯರು. ಅರಿಯದೆ ಕೊಂಡೆನೆನ್ನುವವನಿಗೆ ೧೯೮೬ರ ತಿದ್ದುಪಡಿ ಒಂದು ಕಿಂಡಿಯನ್ನು ತೆರೆಯಿತು: ಕೊಳ್ಳುವ ಮೊದಲು ತಕ್ಕ ವಿಚಾರಣೆಯನ್ನು ಮಾಡಿದ್ದನೆಂದು ಅವನು ತೋರಿಸಬೇಕು. ಅಂದಿನಿಂದ ಆ ದೇಶದಲ್ಲಿ ಕಾರ್ಖಾನೆ, ಅಂಗಡಿಗಳ ನೆಲವನ್ನು ಕೊಳ್ಳುವವರು ಹಕ್ಕಿನ ಜತೆಗೆ ಮಣ್ಣಿನ ಚರಿತ್ರೆಯನ್ನೂ ಹುಡುಕಿಸುತ್ತಾರೆ. ಹಳೆಯ ನಕ್ಷೆಗಳು, ವಿಮಾನದಿಂದ ತೆಗೆದ ಹಳೆಯ ಚಿತ್ರಗಳು, ಅಲ್ಲಿ ಮೊದಲು ಏನಿತ್ತೆಂದು ಬಲ್ಲ ವೃದ್ಧರ ಮಾತು: ತೋಡುಗಳನ್ನು ಹುಡುಕಲು ಗೃಹಿಣಿಯರು ಹಿಡಿದ ದಾರಿಯೇ ಈಗ ಸಾವಿರಾರು ತಜ್ಞರ ವೃತ್ತಿಯಾಗಿದೆ.

ಭಾರತದ ಸ್ವತ್ತು ವರ್ಗಾವಣೆ ಶಾಸನ ೧೮೮೨ರದು. ಅದರ ೫೫ನೆಯ ಕಲಮು ಈ ವಿಷಯದಲ್ಲಿ ಮೂಕವಲ್ಲ. ಸ್ವತ್ತಿನಲ್ಲಿ ಗಂಭೀರವಾದ ದೋಷವಿದ್ದು, ಅದು ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂತಿದ್ದರೆ, ಮಾರುವವನು ಅದನ್ನು ತಿಳಿಸಲೇಬೇಕು. ಬೇರೆ ಕರಾರಿದ್ದರೆ ಮಾತ್ರ ಆ ಮಾತು ಬೇರೆ. ಒಳ್ಳೆಯ ಮಾತೇ ಸರಿ. ಆದರೆ ಮಾರುವವನಿಗೆ ‘ತಿಳಿದಿದ್ದರೆ’ ಎಂಬ ಪದದಲ್ಲಿಯೇ ನಯಾಗರಾದ ತೊಡಕೂ ಇದೆ. ಮೊದಲು ಮಾರಿದವನಿಗೆ ತಿಳಿದಿರುತ್ತದೆ; ಮೂರನೆಯವನಿಗೆ, ನಾಲ್ಕನೆಯವನಿಗೆ ತಿಳಿದಿರುವುದಿಲ್ಲ. ಅವನು ಪ್ರಾಮಾಣಿಕನಾಗಿಯೇ ಮಾರುತ್ತಾನೆ. ಉಪನೋಂದಣಿ ಕಚೇರಿಯಿಂದ ತರುವ ಋಣಭಾರ ಪತ್ರವು ನೆಲದ ಮೇಲಣ ನೋಂದಾಯಿತ ಸಾಲ, ಕ್ರಯ, ಅಡಮಾನಗಳನ್ನು ವರ್ಷವಾರು ಹೇಳುತ್ತದೆ. ಅಲ್ಲಿ ಚರ್ಮ ಹದಮಾಡುತ್ತಿದ್ದರೋ, ಲೋಹಕ್ಕೆ ಮುಲಾಮು ಹಾಕುತ್ತಿದ್ದರೋ, ಊರಿನ ಕಸವನ್ನು ಸುರಿಯುತ್ತಿದ್ದರೋ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ಸಿನ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅವು ದೊಡ್ಡವಾದ್ದರಿಂದ ಜನರ ಬಾಯಲ್ಲಿ ಉಳಿದಿವೆ. ಹೆಸರಿಲ್ಲದ ಕುಂಟೆಗಳೂ ತೋಡುಗಳೂ ಹಳೆಯ ಗ್ರಾಮನಕ್ಷೆಗಳಲ್ಲಿ ಮಾತ್ರ ಉಳಿದಿವೆ. ಅಡಿಗಿಷ್ಟೆಂದು ಬೆಲೆ ಕೊಟ್ಟು ಕೊಳ್ಳುವ ಮುನ್ನ ಆ ನಕ್ಷೆಯನ್ನು ತರಿಸಿ ನೋಡುವವರಿದ್ದಾರೆ. ಈಶಾನ್ಯದ ಮೂಲೆಯನ್ನು ಅಳೆಸುವವರು ಅವರಿಗಿಂತ ಬಹಳ ಹೆಚ್ಚು.

ಲವ್ ಕಾಲುವೆಯ ಶಾಲೆಯನ್ನೂ ಅಕ್ಕಪಕ್ಕದ ಎರಡು ಬೀದಿಗಳ ಮನೆಗಳನ್ನೂ ಕೆಡವಿದರು. ಅಗೆದು ತೆಗೆಯುವುದು ಇನ್ನೂ ಅಪಾಯವೆಂದು, ಹೂತಿದ್ದನ್ನು ಅಲ್ಲೇ ಬಿಟ್ಟು, ಜೇಡಿಮಣ್ಣಿನ ಹೊಸ ಮುಚ್ಚಳವನ್ನೂ ಪ್ಲಾಸ್ಟಿಕ್ಕಿನ ಹೊದಿಕೆಯನ್ನೂ ಹಾಕಿ, ಸುತ್ತಲೂ ಒಸರು ಕಾಲುವೆಗಳನ್ನು ತೋಡಿ, ಸುಮಾರು ೭೦ ಎಕರೆಗೆ ಬೇಲಿ ಬಿಗಿದರು. ಉತ್ತರದ ಕಡೆ ಉಳಿದಿದ್ದ ಮನೆಗಳು ವಾಸಯೋಗ್ಯವೆಂದು ಸರ್ಕಾರ ತೀರ್ಮಾನಿಸಿ ೧೯೯೦ರಿಂದ ಅವನ್ನು ಪೇಟೆಯ ದರಕ್ಕಿಂತ ಕಡಮೆ ಬೆಲೆಗೆ ಮಾರತೊಡಗಿತು. ಬಡಾವಣೆಗೆ ಹೊಸ ಹೆಸರು ಬಂದಿತು: ಬ್ಲ್ಯಾಕ್ ಕ್ರೀಕ್ ವಿಲೇಜ್. ಎಳೆಯ ಸಂಸಾರಗಳು ಬಂದು ನೆಲಸಿದವು. ೨೦೦೪ರಲ್ಲಿ ಆ ಸ್ಥಳವನ್ನು ಅಪಾಯಸ್ಥಳಗಳ ರಾಷ್ಟ್ರೀಯ ಪಟ್ಟಿಯಿಂದ ತೆಗೆದುಹಾಕಿದರು. ೨೦೧೨ರ ಈಚೆಗೆ ಆ ಹೊಸ ನಿವಾಸಿಗಳಲ್ಲಿಯೂ ಹಲವರು, ತಮ್ಮ ಮನೆಗಳಿಗೆ ವಿಷ ಒಸರುತ್ತಿದೆಯೆಂದು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು.

ಬೇಲಿಯೊಳಗೆ ಹುಲ್ಲು ಬೆಳೆಯುತ್ತದೆ. ಕಾಲಕಾಲಕ್ಕೆ ಅದನ್ನು ಕತ್ತರಿಸುತ್ತಾರೆ. ನೆಲದಡಿಯ ಕಾಲುವೆಗಳಿಗೆ ಒಸರಿ ಬಂದ ನೀರನ್ನು ಪಂಪುಗಳು ಮೇಲೆತ್ತಿ ಶುದ್ಧೀಕರಣದ ಮನೆಗೆ ಸಾಗಿಸುತ್ತವೆ. ಆ ಪಂಪುಗಳನ್ನು ಎಂದು ನಿಲ್ಲಿಸಬೇಕೆಂಬುದಕ್ಕೆ ಯಾರೂ ತಾರೀಖನ್ನು ಗೊತ್ತುಮಾಡಿಲ್ಲ.